ಸ್ಟೀಲ್ ಬಕೆಟ್ಟಿನ ಗೀರುಗಳು

ಆಗಿನ್ನೂ ಸೋಮವಾರಪೇಟೆ ಕಡೆ ಹೋಂಸ್ಟೇಗಳು ಹೊಸತು. ನಮ್ಮ ಎಸ್ಟೇಟಿನ ಬಂಗಲೆಗೆ ಬೋರ್ಡು ಬಿದ್ದ ಮೇಲೆ, ಮೈಸೂರು ಕಡೆಯ ಕಾರು ಬಂದು ನಿಂತರೆ ಸಾಕು, ಕೂಲಿಮನೆಗಳ ಲೈನಿನ ಮಕ್ಕಳೆಲ್ಲ ಬೇಲಿಗೆ ಜೋತುಬೀಳುತ್ತಿದ್ದೆವು. ನನಗಂತೂ ಆ ವರ್ಷ ಜಂಬ ಸ್ವಲ್ಪ ಜಾಸ್ತಿಯೇ. ಅಮ್ಮನಿಗೆ ಬಂಗಲೆಯೊಳಗೆ ಕೆಲಸ ಸಿಕ್ಕಿತ್ತು.

ಅದಕ್ಕೂ ಮೊದಲು ಅವಳು ತೋಟದಲ್ಲಿದ್ದಳು. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಮಂಡಿ ಮುರಿದುಕೊಂಡಿದ್ದಳು. ಮೂಳೆ ಕೂಡಿದರೂ ಕುಂಟು ಉಳಿಯಿತು, ಇಳಿಜಾರಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನೆಲ ಒರೆಸುವ ಈ ಕೆಲಸವೂ ತಪ್ಪಿದರೆ ಮತ್ತೆ ಇಳಿಜಾರಿನಲ್ಲಿ ಕಾಫಿಹಣ್ಣು ಕೊಯ್ಯುವ ಪಿಕಿಂಗೇ ಗತಿ ಎಂಬುದು ನನಗೂ ಗೊತ್ತಿತ್ತು.

ಬಂಗಲೆಯ ಅಮ್ಮಾವ್ರು ನೆಲ ಒರೆಸಲು ಹೊಸ ಸ್ಟೀಲ್ ಬಕೆಟ್, ಕಸ ಎತ್ತಲು ಸ್ಟೀಲಿನದೇ ಮೊರ ತಂದಿಟ್ಟಿದ್ದರು. "ಗೆಸ್ಟ್‌ಗಳ ಕಣ್ಣಿಗೆ ಬೀಳ್ತವೆ, ಪಳಪಳ ಅಂತಿರ್ಬೇಕು" ಎಂದು ಹೇಳಿ ಊರಿಗೆ ಹೋದರು. ಅಮ್ಮ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡಳು. ಮನೆಯಲ್ಲಿ ಅನ್ನದ ಪಾತ್ರೆಯ ಮಸಿ ತೆಗೆಯುವ ಹಾಗೆ ಬೂದಿ, ಮರಳು, ತೆಂಗಿನ ನಾರು ಹಾಕಿ ಎರಡನ್ನೂ ತಿಕ್ಕಿದ್ದೇ ತಿಕ್ಕಿದ್ದು. ತೊಳೆದು ನೋಡಿದರೆ ಹೊಳಪೆಲ್ಲ ಸತ್ತು ಮೈತುಂಬ ಗೀರು.

"ಅಯ್ಯೋ ಪುಟ್ಟಿ, ಏನ್ ಮಾಡ್ಬಿಟ್ಟೆ ನಾನು" ಎಂದು ಮೆಟ್ಟಿಲ ಮೇಲೆ ಕುಸಿದಳು.

ಹುಣಸೆಹಣ್ಣು ಹಚ್ಚಿದೆವು, ಟೂತ್‌ಪೇಸ್ಟ್ ಹಚ್ಚಿದೆವು. ಏನೂ ಜಗ್ಗಲಿಲ್ಲ. ಕಡೆಗೆ ಎಸ್ಟೇಟ್ ಡ್ರೈವರ್ ಸೋಮಣ್ಣ, ಕಾರಿನ ಗೀರಿಗೆ ಹಚ್ಚುವ ಪಾಲಿಶಿನ ಡಬ್ಬಿ ತಂದುಕೊಟ್ಟ.

"ಅಕ್ಕ, ಗುಂಡಗೆ ಉಜ್ಬೇಡಿ. ಸ್ಟೀಲಲ್ಲೂ ಸಣ್ಣ ಗೆರೆ ಇರ್ತದೆ, ನೋಡಿ. ಅದು ಹೋದ ಕಡೆಗೇ ಕೈ ಹೋಗ್ಬೇಕು."

ಹಳೇ ಲಂಗ ಹರಿದು ಕೂತೆವು. ಸೀಮೆಎಣ್ಣೆಯಂಥ ಪಾಲಿಶಿನ ವಾಸನೆ, ಕಣದಲ್ಲಿ ಒಣಗುತ್ತಿದ್ದ ಕಾಫಿಹಣ್ಣಿನ ಹುಳಿವಾಸನೆ ಎರಡೂ ಸೇರಿ ತಲೆ ತಿರುಗುತ್ತಿತ್ತು. ನಾನು ಮೊರ, ಅವಳು ಬಕೆಟ್. ನನ್ನ ಕೈ ಸೋತು "ಸಾಕಮ್ಮ" ಎಂದರೆ, "ಇನ್ನೊಂಚೂರು, ಬರ್ತದೆ ಕಣೆ" ಅನ್ನುತ್ತಿದ್ದಳು. ಬಂದೂ ಬಂತು. ಸಣ್ಣ ಗೀರೆಲ್ಲ ಮಾಯವಾಗಿ, ಕೊಬ್ಬರಿ ಎಣ್ಣೆ ಸವರಿ ಒಣಬಟ್ಟೆಯಲ್ಲಿ ಒರೆಸಿದಾಗ ನಮ್ಮಿಬ್ಬರ ಮುಖ ಅದರಲ್ಲಿ ಕಂಡಿತು. ಅಮ್ಮ ನನ್ನನ್ನು ತಬ್ಬಿಕೊಂಡು ನಕ್ಕಳು. ಬದುಕಿದೆವು ಅಂದುಕೊಂಡೆವು.

ಅಮ್ಮಾವ್ರು ಬಂದರು. ಬಕೆಟ್ ಎತ್ತಿ ನೋಡಿ "ಚೆನ್ನಾಗಿ ಇಟ್ಟಿದ್ದೀಯ" ಎಂದರು. ಆಮೇಲೆ ಅದನ್ನು ಕೆಳಗಿಟ್ಟು, ಬಹಳ ಮೆತ್ತಗೆ ಹೇಳಿದರು: "ಬೇಜಾರ್ ಮಾಡ್ಕೋಬೇಡ. ಕಾಲು ಎಳ್ಕೊಂಡು ನೆಲ ಒರ್ಸೋದು ನೋಡಿದ್ರೆ ಗೆಸ್ಟ್‌ಗಳಿಗೆ ಒಂಥರಾ ಆಗುತ್ತಂತೆ. ನಾಳೆಯಿಂದ ಬೇರೆಯವಳು ಬರ್ತಾಳೆ."

ಅಮ್ಮ "ಆಯ್ತಮ್ಮ" ಎಂದಳು. ಅಷ್ಟೇ. ಮಾರನೇ ದಿನ ಪಿಕಿಂಗ್ ಚೀಲ ಸೊಂಟಕ್ಕೆ ಕಟ್ಟಿಕೊಂಡು ಇಳಿಜಾರಿಗೆ ಹೋದಳು. ಆ ಕೊಯ್ಲು ಮುಗಿಯುವ ಮೊದಲೇ ಮಂಡಿ ಪೂರ್ತಿ ಕೈಕೊಟ್ಟಿತು.

ಈಗ ನಾನು ಮಡಿಕೇರಿಯ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದೇನೆ. ಸ್ಟೀಲಿಗೆಂದೇ ಸ್ಪ್ರೇ ಬಾಟಲಿ, ಮೆತ್ತನೆ ಬಟ್ಟೆ ಕೊಡುತ್ತಾರೆ, ಸಣ್ಣಪುಟ್ಟ ಗೀರು ಕ್ಷಣದಲ್ಲಿ ಹೋಗುತ್ತದೆ. ಅಮ್ಮ ಹಾಸಿಗೆ ಹಿಡಿದು ವರ್ಷಗಳೇ ಆದವು. ಸಂಜೆ ಮಂಡಿಗೆ ಎಣ್ಣೆ ಹಚ್ಚಿ ನೀವಲು ಕೂತರೆ "ಬಿಡು ಪುಟ್ಟಿ, ಏನೂ ಪ್ರಯೋಜನ ಇಲ್ಲ" ಎಂದು ಕಾಲು ಎಳೆದುಕೊಳ್ಳುತ್ತಾಳೆ. "ಇನ್ನೊಂಚೂರು, ಬರ್ತದೆ ಕಣೆ" ಅನ್ನುತ್ತಿದ್ದ ಅಮ್ಮನನ್ನು ನಾನು ಕಂಡದ್ದು ಆ ವರ್ಷವೇ ಕೊನೆ.