ದಿನಕ್ಕೆ ಎರಡು ತಂಬಿಗೆ

ಎರಡು ತಂಬಿಗೆ ನೀರಿಗಾಗಿ ಇಷ್ಟು ರಂಪವೇ ಎಂದು ನನ್ನನ್ನು ಕೇಳದವರು ನಮ್ಮ ಓಣಿಯಲ್ಲಿ ಉಳಿದಿಲ್ಲ. ಹೌದು, ಎರಡೇ ತಂಬಿಗೆ. ಅದೂ ಬಿಸಿಲು ಚುರುಕಾಗಿದ್ದ ದಿನ. ಮೋಡ ಮುಚ್ಚಿದರೆ ಒಂದೂ ತುಂಬುವುದಿಲ್ಲ. ಆ ನೀರಿಗಾಗಿ ಐದು ವರ್ಷ ಅತ್ತೆಯ ಜೊತೆ, ಓಣಿಯ ಜೊತೆ, ಸಾಹೇಬರ ಜೊತೆ ಜಗಳವಾಡಿದ್ದೇನೆ. ಬೇಕಾದರೆ ಇನ್ನೂ ಐದು ವರ್ಷ ಆಡುತ್ತೇನೆ.

ತಳಕಲ್ ಹತ್ತಿರದ ನಮ್ಮ ಊರಿನ ಬೋರ್‌ವೆಲ್ ನೀರು ನೋಡಲು ತಿಳಿಯಾಗಿದೆ. ಅದರಲ್ಲಿರುವ ಫ್ಲೋರೈಡ್ ಕಣ್ಣಿಗೆ ಕಾಣದು, ಮೂಗಿಗೆ ಹತ್ತದು. ಮಕ್ಕಳ ಹಲ್ಲಿನಲ್ಲಿ ಕಾಣುತ್ತದೆ, ಎಲುಬಿಗೆ ಇಳಿದು ಮುದುಕರ ಮೊಣಕಾಲಿನಲ್ಲಿ ಕಾಣುತ್ತದೆ. ನನ್ನ ಹಿರಿಮಗಳ ಹಾಲುಹಲ್ಲು ಬಿದ್ದು ಹೊಸವು ಬಂದಾಗ ಅವು ಕಂದು ಪಟ್ಟೆ ಹೊತ್ತುಕೊಂಡೇ ಬಂದವು. ಇದ್ದಿಲು ಹಚ್ಚಿ, ಉಪ್ಪು ಹಚ್ಚಿ ತಿಕ್ಕಿಸಿದೆ. ಒಸಡಿನಲ್ಲಿ ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ. ಕೊಪ್ಪಳದ ಹಲ್ಲಿನ ಡಾಕ್ಟರಮ್ಮ ಅವಳ ಬಾಯಿ ನೋಡಿ, ಇದು ಹೊರಗಿನಿಂದ ಹತ್ತಿದ ಕಲೆಯಲ್ಲ, ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಆದದ್ದು, ಈಗ ಏನೂ ಮಾಡಲಾಗದು ಎಂದರು. ನನ್ನ ಕಂಕುಳಲ್ಲಿದ್ದ ಕಿರಿಯಳನ್ನು ನೋಡಿ, ಇವಳಿಗಾದರೂ ಬೇರೆ ನೀರು ಕುಡಿಸಿ ಎಂದರು. ಅವಳಿಗೆ ಆಗ ಎರಡು ವರ್ಷ. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅವಳ ಮುಚ್ಚಿದ ಬಾಯಿಯನ್ನೇ ನೋಡುತ್ತ ಬಂದೆ. ಒಳಗೆ ಹಲ್ಲು ತಯಾರಾಗುತ್ತಿವೆ, ನಾನೇ ದಿನಾ ಲೋಟ ಹಿಡಿದು ಅವನ್ನು ಕೆಡಿಸುತ್ತಿದ್ದೇನೆ ಎಂದು ನನ್ನ ಮೇಲೇ ಸಿಟ್ಟು ಬಂತು.

ಬೇರೆ ನೀರು ಎಂದರೆ ಎಲ್ಲಿಂದ? ಊರಿಗೆ ಬಂದಿದ್ದ ಶುದ್ಧ ನೀರಿನ ಘಟಕ ಬಂದಷ್ಟೇ ಬೇಗ ಕೆಟ್ಟು ಬೀಗ ಹಾಕಿಕೊಂಡಿತ್ತು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವುದಿಲ್ಲ. ಕುಕನೂರಿನಿಂದ ದಿನಾ ನೀರಿನ ಕ್ಯಾನ್ ಹೊತ್ತು ತರಲು ನನಗೆ ಇರುವುದು ಒಂದೇ ಸೊಂಟ. ದಾರಿ ತೋರಿಸಿದವಳು ಹಿರಿಮಗಳು. ಶಾಲೆಯಲ್ಲಿ ನೀರು ಆವಿಯಾಗುವ ಪಾಠ ಕೇಳಿ ಬಂದವಳು ಉಪ್ಪುನೀರಿನ ಬೋಗುಣಿಯನ್ನು ಬಿಸಿಲಿಗಿಟ್ಟು ಮೇಲೆ ಗಾಜಿನ ತುಂಡು ಮುಚ್ಚಿದಳು. ಸಂಜೆ ಗಾಜಿನ ಒಳಮೈಗೆ ಅಂಟಿದ್ದ ಹನಿಯನ್ನು ಬೆರಳಲ್ಲಿ ಒರೆಸಿ ನನ್ನ ನಾಲಿಗೆಗೆ ಹಚ್ಚಿದಳು. ಉಪ್ಪು ಇರಲಿಲ್ಲ. ಉಪ್ಪನ್ನು ಕೆಳಗೇ ಬಿಟ್ಟು ಬರುವ ನೀರು ಫ್ಲೋರೈಡನ್ನೂ ಬಿಟ್ಟು ಬಂದೀತು ಎಂದುಕೊಂಡೆ. ಮೇಷ್ಟ್ರನ್ನು ಕೇಳಿದರೆ ಹೌದೆಂದರು.

ನನ್ನ ತವರು ಕಿನ್ನಾಳ. ಅಪ್ಪ ಮರದ ಗೊಂಬೆ ಮಾಡುವವರು. ಅವರಿಂದ ಹಲಗೆಯ ಪೆಟ್ಟಿಗೆ ಮಾಡಿಸಿಕೊಂಡು ಬಂದೆ. ಒಳಗೆ ಕಪ್ಪು ಬಳಿದ ತಗಡಿನ ತಟ್ಟೆ, ಮೇಲೆ ಓರೆಯಾಗಿ ಗಾಜು, ಗಾಜಿನ ಕೆಳ ಅಂಚಿಗೆ ಉದ್ದಕ್ಕೆ ಸೀಳಿದ ಪೈಪು. ಆವಿ ಗಾಜಿಗೆ ತಾಗಿ ಹನಿಯಾಗಿ ಜಾರಿ ಪೈಪಿಗೆ ಬಿದ್ದು ಹೊರಗಿನ ತಂಬಿಗೆಗೆ ಇಳಿಯಬೇಕು. ಗಾಜು ಮತ್ತು ಹಲಗೆಯ ನಡುವಿನ ಸಂದು ಮುಚ್ಚುವ ಕೆಲಸ ಬಂದಾಗ ನಾನು ಯಾರನ್ನೂ ಕೇಳಲಿಲ್ಲ. ಕಿನ್ನಾಳದ ಮಗಳಿಗೆ ಅಂಟು ಹಾಕುವುದನ್ನು ಯಾರು ಹೇಳಿಕೊಡಬೇಕು? ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕುದಿಸಿ, ಅಪ್ಪ ಗೊಂಬೆಯ ಕೈಕಾಲು ಕೂಡಿಸುವ ಹಾಗೆಯೇ ಸಂದಿಗೆಲ್ಲ ಮೆತ್ತಿದೆ. ನಮ್ಮ ಮನೆಯ ಅಂಟು ತಲೆಮಾರು ಬಾಳುತ್ತದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದೆ.

ಅದು ಬಾಳಿದ್ದು ನಾಲ್ಕು ದಿನ. ಗೊಂಬೆ ಕೂರುವುದು ಒಣ ಗೂಡಿನಲ್ಲಿ, ನನ್ನ ಪೆಟ್ಟಿಗೆಯೊಳಗೋ ದಿನವಿಡೀ ಹಬೆ. ಅಂಟು ಮತ್ತೆ ಗಂಜಿಯಾಯಿತು. ಇರುವೆ ಸಾಲುಗಟ್ಟಿದವು, ಬೂಸ್ಟು ಬಂತು, ತಂಬಿಗೆಯ ನೀರು ಹಳಸಿದ ಅಂಬಲಿಯಂತೆ ನಾತ ಹೊಡೆಯಿತು. ನೆರೆಯ ಹೆಂಗಸರು ಮೂಗು ಮುಚ್ಚಿಕೊಂಡು ನಕ್ಕರು. ನಗಲಿ ಎಂದು ಅವರೆದುರೇ ಎಲ್ಲ ಕೆರೆದು ತೆಗೆದೆ. ಕುಕನೂರಿನಲ್ಲಿ ಕಿಟಕಿಗಳಿಗೆ ಗಾಜು ಕೂರಿಸುವ ಚಾಚಾ ಒಬ್ಬರು ನನ್ನ ಕಥೆ ಕೇಳಿ, ನಗದೆ, ಮೀನಿನ ತೊಟ್ಟಿಗೆ ಹಾಕುವ ಸಿಲಿಕಾನ್ ಟ್ಯೂಬು ಕೊಟ್ಟರು. ನೀವು ಹೇಳುವುದು ನೋಡಿದರೆ ಗಾಜು ಸ್ವಲ್ಪ ಮಲಗಿದಂತಿದೆ, ಹನಿ ಜಾರದೆ ಅಲ್ಲೇ ಉದುರುತ್ತದೆ, ಇನ್ನಷ್ಟು ಓರೆ ಮಾಡಿ ಎಂದೂ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು.

ಉಳಿದದ್ದನ್ನು ಪೆಟ್ಟಿಗೆಯೇ ಕಲಿಸಿತು. ತಟ್ಟೆಯ ತುಂಬ ನೀರು ಸುರಿದರೆ ಅದು ಕಾಯುವಷ್ಟರಲ್ಲಿ ಹೊತ್ತು ಇಳಿಯುತ್ತದೆ, ಅರ್ಧ ಬೆರಳು ನಿಂತರೆ ಸಾಕು. ಕಪ್ಪು ಹತ್ತಿಬಟ್ಟೆ ಹಾಸಿದರೆ ಆವಿ ಬೇಗ ಏಳುತ್ತದೆ. ಗಾಳಿ ಬೀಸುವ ತಿಂಗಳಲ್ಲಿ ಗಾಜಿನ ಮೇಲಿನ ಧೂಳನ್ನು ದಿನಕ್ಕೆರಡು ಸಲ ಒರೆಸದಿದ್ದರೆ ನೀರು ಅರ್ಧಕ್ಕೆ ಇಳಿಯುತ್ತದೆ. ತಟ್ಟೆಯಲ್ಲಿ ಉಳಿದ ಬಿಳಿ ಗಷ್ಟನ್ನು ವಾರಕ್ಕೊಮ್ಮೆ ತೊಳೆಯಬೇಕು. ಮೊದಲು ಒಂದು ಲೋಟ ಬರುತ್ತಿದ್ದದ್ದು ಒಂದು ವರ್ಷದ ಹೊತ್ತಿಗೆ ಎರಡು ತಂಬಿಗೆಯಾಯಿತು. ಒಂದು ಕೂಸು ಕುಡಿಯಲು, ಅದರ ಅನ್ನ ಬೇಯಲು ಅಷ್ಟು ಸಾಕು.

ಅಷ್ಟನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು, ಆಮೇಲೆ ಮಾತು. ಮನೆಯಲ್ಲಿ ಒಳ್ಳೆಯದಿದ್ದದ್ದು ಬಂದವರಿಗೆ. ಹೀಗಾಗಿ ಅತ್ತೆ ಕೂಸಿನ ನೀರು ತೆಗೆದು ಬೀಗರಿಗೆ, ಬಳೆಗಾರ್ತಿಗೆ, ದಾರಿ ಕೇಳಲು ನಿಂತವರಿಗೂ ಕೊಡುತ್ತಿದ್ದರು. ಒಂದು ದಿನ ಬೀಗರು ಬಂದು ಎರಡೂ ತಂಬಿಗೆ ಬರಿದು ಮಾಡಿದರು. ಅವತ್ತು ಕೂಸು ಬೋರ್‌ವೆಲ್ ನೀರು ಕುಡಿಯಿತು. ಅವರು ಹೋದ ಮೇಲೆ, ನಿಮಗೆ ಮೊಮ್ಮಗಳ ಹಲ್ಲಿಗಿಂತ ಬೀಗರ ಮುಂದಿನ ಮರ್ಯಾದೆ ಹೆಚ್ಚಾಯಿತೇ ಎಂದು ಕೇಳಿಬಿಟ್ಟೆ. ಅತ್ತೆ ಹದಿನೈದು ದಿನ ನನ್ನೊಂದಿಗೆ ಮಾತು ಬಿಟ್ಟರು. ನಾನೂ ಬಿಟ್ಟೆ.

ಅದು ಇನ್ನೂ ಆರದಿರುವಾಗ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಯಾವ ಕಚೇರಿಯೋ ನಾನು ಕೇಳಲಿಲ್ಲ. ಪೆಟ್ಟಿಗೆಯ ಫೋಟೊ ತೆಗೆದುಕೊಂಡು, ಇಷ್ಟು ನೀರಿನಿಂದ ಊರಿಗೇನು ಉಪಯೋಗ ಎಂದು ನಕ್ಕರು.

"ಊರಿಗಂತ ಯಾರು ಹೇಳಿದ್ರಿ ಸಾಹೇಬ್ರ? ಊರಿಗೆ ನೀರು ಕೊಡಾಕ ನೀವು ಅದೀರಿ. ಇದು ನನ್ನ ಮಗಳಿಗೆ" ಎಂದೆ.

ಅಷ್ಟರಲ್ಲಿ ಅತ್ತೆ, ನನ್ನ ಮುಖವನ್ನೂ ನೋಡದೆ, ಕೂಸಿನ ತಂಬಿಗೆಯನ್ನೇ ತಂದು ಅವರ ಮುಂದೆ ಹಿಡಿದರು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಬೇಡಮ್ಮ, ಹೊರಗಿನ ನೀರು ನನಗೆ ಆಗುವುದಿಲ್ಲ, ಬಾಟಲಿ ಇದೆ ಎಂದರು. ಡ್ರೈವರ್ ಬಾಟಲಿ ತಂದುಕೊಟ್ಟ. ಅವರು ನಮ್ಮ ಕಟ್ಟೆಯ ಮೇಲೆ ನಿಂತೇ ಕುಡಿದು ಹೊರಟರು. ಅತ್ತೆಯ ಕೈಯಲ್ಲಿ ತಂಬಿಗೆ ಹಾಗೆಯೇ ಇತ್ತು. ನನ್ನ ಮದುವೆಯಾದಾಗಿನಿಂದ ಅವರು ಕೊಟ್ಟ ನೀರನ್ನು ಬೇಡವೆಂದವರನ್ನು ನಾನು ನೋಡಿರಲಿಲ್ಲ.

"ಅವರ ನೀರು ಅವರು ಕಾಯ್ಕೊಂಡು ಅಡ್ಡಾಡ್ತಾರ. ನಮ್ಮ ಕೂಸಿಂದು ನಾವು ಕಾಯಬಾರದೇನು?" ಎಂದು ಅತ್ತೆ ತಂಬಿಗೆಯನ್ನು ಒಳಗೊಯ್ದು ಮುಚ್ಚಿಟ್ಟರು. ಅವತ್ತಿನಿಂದ ಬಂದವರಿಗೆ ಬೋರ್‌ವೆಲ್ ನೀರು, ಜೊತೆಗೆ ಒಂದು ಚೂರು ಬೆಲ್ಲ. ಕೂಸಿನ ತಂಬಿಗೆಗೆ ನಾನು ಕೈ ಹಾಕಿದರೂ ಏಕೆ ಎಂದು ಕೇಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕಿರಿಯಳ ಕೆಳಗಿನ ಹಾಲುಹಲ್ಲು ಬಿತ್ತು. ಕೆಲವು ದಿನಕ್ಕೆ ಹೊಸ ಹಲ್ಲಿನ ತುದಿ ಕಂಡಿತು. ಸುಣ್ಣ ಬಳಿದಂತೆ ಮಂಕು ಬಿಳುಪು, ಮಧ್ಯೆ ಕಂದು ಗೆರೆ. ಹಿರಿಯಳದ್ದೂ ಹೀಗೆಯೇ ಶುರುವಾಗಿತ್ತು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಇಷ್ಟೆಲ್ಲ ಮಾಡಿ ಏನು ಬಂತು ಎಂದು ಓಣಿ ಕೇಳಿತು. ಪೆಟ್ಟಿಗೆಯನ್ನು ಎತ್ತಿ ಹಾಕಿಬಿಡಬೇಕೆನಿಸಿತು. ಮರುದಿನ ಬೆಳಿಗ್ಗೆ ಎದ್ದು, ಸಿಟ್ಟಿನಲ್ಲೇ, ತಟ್ಟೆಗೆ ಅರ್ಧ ಬೆರಳು ನೀರು ಹಾಕಿ ಗಾಜು ಒರೆಸಿದೆ. ಅದರ ಮರುದಿನವೂ ಒರೆಸಿದೆ.

ಹಲ್ಲು ಮೇಲೆ ಬರುತ್ತ ಹೋಯಿತು. ಒಂದು ಮಧ್ಯಾಹ್ನ ಹಿರಿಮಗಳು ತಂಗಿಯ ತುಟಿ ಕೆಳಗೆಳೆದು, ಮೊಬೈಲಿನ ಬೆಳಕು ಬಿಟ್ಟು ನನ್ನನ್ನು ಕರೆದಳು. ಮಂಕು ತುದಿಯಲ್ಲಷ್ಟೇ ಇತ್ತು. ಅದರ ಕೆಳಗೆ ಒಂದು ಗೆರೆ, ಗೆರೆಯಿಂದ ಒಸಡಿನವರೆಗೂ ಹಲ್ಲು ಹೊಳೆಯುತ್ತಿತ್ತು. ಹಲ್ಲಿನ ತುದಿ ಮೊದಲು ತಯಾರಾಗುತ್ತದೆ, ಬುಡ ಆಮೇಲೆ ಎಂದು ಡಾಕ್ಟರಮ್ಮ ನಂತರ ಹೇಳಿದರು. ಆ ತುದಿ ನಾನು ಏನೂ ಮಾಡದೆ ಕೂತಿದ್ದ ಕಾಲದ್ದು. ಅದರ ಕೆಳಗಿನದೆಲ್ಲ ಪೆಟ್ಟಿಗೆಯ ಕಾಲದ್ದು. ನನಗೆ ಓಣಿಯ ಒಂದೊಂದು ಬಾಗಿಲು ತಟ್ಟಿ ಕೂಸಿನ ಬಾಯಿ ತೋರಿಸಿ ಬರುವಷ್ಟು ಸಂತೋಷವಾಯಿತು. ತೋರಿಸಿಯೂ ಬಂದೆ.

ಮರಳಿ ಬಂದಾಗ ಹಿರಿಯಳು ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು. ಈಗ ಅವಳಿಗೆ ಹದಿಮೂರು. ಐದು ವರ್ಷ ತಂಗಿಯ ಗಾಜನ್ನು ಅವಳೂ ಒರೆಸಿದ್ದಾಳೆ, ಬಾಯಾರಿದಾಗ ಹೋಗಿ ಬೋರ್‌ವೆಲ್ ನೀರು ಕುಡಿದಿದ್ದಾಳೆ. ಅವಳ ಹಲ್ಲು ಕೆಟ್ಟಾಯಿತಲ್ಲ, ಇನ್ನೇನು ಎಂದು ನಾನು ಅವಳ ಲೆಕ್ಕವನ್ನೇ ಬಿಟ್ಟಿದ್ದೆ.

"ನನ್ನ ಹಲ್ಲು ಹೋದ್ವು ಬಿಡವ್ವ. ನನ್ನ ಎಲುಬು ಇನ್ನೂ ಛಲೋ ಅದಾವ" ಎಂದಳು.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಕುಕನೂರಿಗೆ ಹೋಗಿ ಗಾಜು ತಂದೆವು. ಮೊದಲಿನದಕ್ಕಿಂತ ಒಂದು ಗೇಣು ದೊಡ್ಡದು.