ನಾಲ್ಕನೇ ಗಂಟು

ಎರಡು ಸಾವಿರದ ಮೂರನೇ ಇಸವಿ. ದೀಪಾವಳಿ ಮುಗಿದು ಹದಿನೈದು ದಿನಕ್ಕೆ ನನ್ನ ಮಗಳು ಹುಟ್ಟಿದಳು. ಹೆರಿಗೆ ಆದದ್ದು ಗೋಕಾಕದ ಒಂದು ದವಾಖಾನೆಯಲ್ಲಿ. ಮೊದಲ ಬಾಣಂತನ ತವರಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. ನನ್ನ ತವರು ಹುಕ್ಕೇರಿ ತಾಲೂಕಿನ ಘೋಡಗೇರಿ. ಆದರೆ ನಾನು ಐದು ತಿಂಗಳ ಬಸುರಿ ಇದ್ದಾಗಲೇ ಅವ್ವ ತೀರಿಕೊಂಡಿದ್ದಳು. ಅಲ್ಲಿ ಉಳಿದವರು ಅಪ್ಪ, ಅಣ್ಣ ಇಬ್ಬರೇ. ಗಂಡಸರು ಬಾಣಂತನ ಹೇಗೆ ಮಾಡಿಯಾರು? ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ, ಮೇಲವಂಕಿಗೇ ಬಂದೆ.

ಬಾಣಂತನಕ್ಕೆ ನಿಂತವರು ಅತ್ತೆ. ಅವರದು ಕಡಿಮೆ ಮಾತು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಒಲೆ, ನೀರು, ದನದ ಮೇವು ಬಿಟ್ಟು ನಾವಿಬ್ಬರೂ ಬೇರೆ ಏನೂ ಮಾತಾಡಿರಲಿಲ್ಲ. ಆದರೂ ಸುಳ್ಳು ಹೇಳಬಾರದು, ಅವರು ಒಂದಕ್ಕೂ ಕಡಿಮೆ ಮಾಡಲಿಲ್ಲ. ಮೈಗೆ ಎಣ್ಣೆ ತಿಕ್ಕಿ ಸುಡುನೀರು ಹಾಕುವವರು ಅವರೇ. ಹೊರಸಿನ ಕೆಳಗೆ ಕೆಂಡ ಇಡುವವರೂ ಅವರೇ. ಅಳವಿ ಪಾಯಸ, ಅಂಟಿನುಂಡಿ ಹೊತ್ತುಹೊತ್ತಿಗೆ ಬರುತ್ತಿತ್ತು. ಉಂಡಿ ಬಾಯಿಗಿಟ್ಟರೆ ಮಾತ್ರ ನನಗೆ ಅಳು ಬರುತ್ತಿತ್ತು. ಅವ್ವ ಮಾಡುವ ಉಂಡಿಗೆ ಖಾರೀಕು, ಅಂದರೆ ಒಣ ಖರ್ಜೂರ, ಜಾಸ್ತಿ ಇರುತ್ತಿತ್ತು.

ಅವ್ವ ಕೂಸಿಗೆಂದು ಹೊಲಿಯಲು ಹಿಡಿದ ಕೌದಿ ಅರ್ಧಕ್ಕೇ ನಿಂತಿತ್ತು. ಅಣ್ಣ ಅದನ್ನು ತಂದುಕೊಟ್ಟಿದ್ದ. ಅದನ್ನು ಕೂಸಿನ ಕೆಳಗೆ ಹಾಸಲಿಲ್ಲ. ಮಡಚಿ ನನ್ನ ತಲೆಯ ಕೆಳಗೇ ಇಟ್ಟುಕೊಂಡಿದ್ದೆ, ಅದರಲ್ಲಿ ಅವ್ವನ ವಾಸನೆ ಇತ್ತು. ದಿನ ಹೋದಂತೆ ಆ ವಾಸನೆ ಕಡಿಮೆಯಾಗಿ ಎಣ್ಣೆ, ಲೋಬಾನದ ಹೊಗೆಯೇ ಹೆಚ್ಚಾಗುತ್ತಿತ್ತು. ಅದಕ್ಕೆ ನನಗೆ ದಿಗಿಲಾಗುತ್ತಿತ್ತು. ಕೂಸು ಅತ್ತರೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಯಾರದೋ ಕೂಸು ನಮ್ಮ ಮನೆಯಲ್ಲಿ ಅಳುತ್ತಿದೆ ಎಂಬಂತೆ ಕೇಳಿಸಿಕೊಂಡು ಕೂರುತ್ತಿದ್ದೆ.

ದವಾಖಾನೆಯಿಂದ ಬಿಡುವಾಗ ಒಂದು ಸಂಸ್ಥೆಯ ಹೆಣ್ಣುಮಗಳು ಬಂದು ಹೆಸರು ಬರೆದುಕೊಂಡಿದ್ದರು. ಪ್ರತಿ ಬುಧವಾರ ಮಧ್ಯಾಹ್ನ ಹುಕ್ಕೇರಿಯಿಂದ ಒಬ್ಬ ನರ್ಸಬಾಯಿ ಫೋನ್ ಮಾಡಿ ಬಾಣಂತಿಗೆ ಬೇಕಾದ ಆರೋಗ್ಯದ ಮಾತು ತಿಳಿಸಿ ಹೇಳುತ್ತಾರೆ, ನಂಬರ್ ಕೊಡಿ ಎಂದರು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಬಾಜೂ ಮನೆಯವರು ಜೈನರು, ಕಿರಾಣಿ ಅಂಗಡಿ ಇಟ್ಟವರು, ಅವರ ಮನೆಯಲ್ಲಿತ್ತು. ಆ ಮನೆಯ ಯಜಮಾನತಿಗೆ ಓಣಿಯವರೆಲ್ಲ ಕಾಕು ಎನ್ನುತ್ತಿದ್ದೆವು. ಅವರ ನಂಬರ್ ಕೊಟ್ಟೆವು.

ಆದರೆ ಒಂದು ಅಡಚಣೆ ಇತ್ತು. ಸವ್ವಾ ತಿಂಗಳು ತುಂಬುವವರೆಗೆ, ಅಂದರೆ ತಿಂಗಳ ಮೇಲೆ ಒಂದು ವಾರ ಕಳೆಯುವವರೆಗೆ ನಮ್ಮ ಮನೆಯ ಬಾಣಂತಿ ಹೊಸ್ತಿಲು ದಾಟುವ ಹಾಗಿಲ್ಲ. ಗಾಳಿ ತಾಗಬಾರದು. ಹೀಗಾಗಿ ನನಗೆ ಬಂದ ಫೋನಿಗೆ ಅತ್ತೆ ಹೋಗುತ್ತಿದ್ದರು. ಕಾಕು ಹಿತ್ತಲ ಗೋಡೆಯ ಮೇಲಿಂದ "ಅಕ್ಕಾರ, ಫೋನ್ ಬಂತ್ರಿ" ಎಂದು ಕರೆಯುವುದು, ಅತ್ತೆ ಕೈ ಒರೆಸಿಕೊಳ್ಳುತ್ತ ಹೋಗುವುದು. ಫೋನಿನಲ್ಲಿ ಅವರು ಹೊಲದಾಚೆ ಇರುವವರನ್ನು ಕೂಗಿ ಮಾತಾಡಿಸಿದ ಹಾಗೆ ಮಾತಾಡುತ್ತಿದ್ದರು. ನನಗೆ ಹೊರಸಿನ ಮೇಲೆ ಕುಳಿತಲ್ಲಿಗೇ ಕೇಳುತ್ತಿತ್ತು. ಕಾಕು ಒಮ್ಮೆ ನಗುತ್ತ, "ಅಕ್ಕಾರ, ನಿಮಗ ಫೋನ್ ಯಾಕ ಬೇಕ್ರಿ, ಅಂಗಳದಾಗ ನಿಂತ ಮಾತಾಡ್ರಿ, ಹುಕ್ಕೇರಿಗೆ ಹಂಗ ಕೇಳಸ್ತೈತಿ" ಎಂದಿದ್ದರು.

ಮೊದಲ ಎರಡು ಬುಧವಾರ ನರ್ಸಬಾಯಿ ಏನು ಕೇಳಿದರೂ ಅತ್ತೆಯ ಉತ್ತರ ಒಂದೇ: "ಎಲ್ಲಾ ಆರಾಮ ಐತ್ರಿ." ನಿದ್ದೆ ಆರಾಮ, ಊಟ ಆರಾಮ, ಅಳು ಅಂತೀರಾ, ಬಾಣಂತಿ ಅಂದಮೇಲೆ ಅಳೋದೇ. ಅವರು ಹಾಗೆ ಹೇಳಿದ್ದು ಮುಚ್ಚಿಡಬೇಕೆಂದಲ್ಲ. ಮನೆಯ ಸೊಸೆಯ ವಿಷಯ ಊರ ಹೊರಗಿನವರು ಕೇಳಿದಾಗ ಆರಾಮ ಎನ್ನುವುದೇ ಮರ್ಯಾದೆ ಎಂದು ತಿಳಿದವರು ಅವರು.

ಮೂರನೇ ಬುಧವಾರ ನರ್ಸಬಾಯಿ ಬೇರೆ ದಾರಿ ಹಿಡಿದರು. ಆಯಿ, ನೀವು ಹೇಳುವುದು ಬೇಡ, ನಾಲ್ಕು ಪ್ರಶ್ನೆ ಕೊಡುತ್ತೇನೆ, ವಾರದಲ್ಲಿ ಒಂದೊಂದಾಗಿ ಸೊಸೆಯನ್ನು ಕೇಳಿ, ಆಕೆ ಏನನ್ನುತ್ತಾಳೋ ಅದನ್ನೇ ಮುಂದಿನ ವಾರ ನನಗೆ ತಂದುಕೊಡಿ ಎಂದರಂತೆ. ಅತ್ತೆಗೆ ಓದು ಬರಹ ಇಲ್ಲ. ತಿರುಗಿ ಬರುವಾಗ ಅವರ ಹಸಿರು ಸೀರೆಯ ಸೆರಗಿನ ತುದಿಯಲ್ಲಿ ನಾಲ್ಕು ಗಂಟುಗಳಿದ್ದವು. ಸಂತೆಯಿಂದ ತರುವ ಸಾಮಾನು ಮರೆಯಬಾರದೆಂದೂ ಅವರು ಹೀಗೇ ಗಂಟು ಕಟ್ಟಿಕೊಳ್ಳುತ್ತಿದ್ದರು.

ಮೊದಲ ಗಂಟು ಮರುದಿನ ನನಗೆ ನೀರೆರೆಯುವಾಗ ಬಿಚ್ಚಿದರು. ಕೂಸು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇ ಎಂಬುದು ಅದು. ಇಲ್ಲ ಎಂದೆ. ಎರಡನೆಯದು ಊಟದ್ದು. ಬಾಯಿಗೆ ರುಚಿ ಇಲ್ಲ ಎಂದೆ. ಉಂಡಿ ಮಾಡಿದವರ ಮುಂದೆ ಹಾಗೆನ್ನಲು ಸಂಕೋಚವಾಯಿತು, ಆದರೆ ಅವರು ಸುಮ್ಮನೆ ತಲೆಯಾಡಿಸಿ ಗಂಟು ಬಿಚ್ಚಿದರು. ಮೂರನೆಯದನ್ನು ಶನಿವಾರ ಕೇಳಿದರು.

"ಕೂಸಿನ ಮ್ಯಾಲ ಮಾಯೆ ಬರತೈತೇನ ಕೇಳ್ಯಾರ ನೋಡವ್ವಾ."

ಬರವಲ್ದು ಅತ್ತಿ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೂಸಿನ ಕುಲಾಯಿ ಸರಿ ಮಾಡುತ್ತ, ನನ್ನ ಕಡೆ ನೋಡದೇ ಹೇಳಿದರು: "ನಿನ್ನ ಗಂಡ ಹುಟ್ಟಿದಾಗ ನನಗೂ ತಿಂಗಳಾನಗಟ್ಲೆ ಬರಲಿಲ್ಲ. ಯಾರ ಮುಂದೂ ಅಂದಿಲ್ಲ. ನೀ ಮತ್ತ ಅವನ ಮುಂದ ಹೇಳಿಗೀಳಿ."

ಅಂದು ಅವ್ವ ಹೋದ ಮೇಲೆ ಮೊದಲ ಸಲ ನನಗೆ ನಗು ಬಂತು. ಶಿವ ಕೊಟ್ಟ ಸಣ್ಣ ದಯೆಗಳನ್ನು ಬೆಳಗಿನ ಪೂಜೆಯ ಹೊತ್ತಿಗೆ ಎಣಿಸುವುದು ಅವ್ವ ಕಲಿಸಿದ ರೂಢಿ. ಬಾಣಂತನದಲ್ಲಿ ಅದೂ ನಿಂತುಹೋಗಿತ್ತು. ಮರುದಿನ ಒಂದನ್ನು ಎಣಿಸಿದೆ, ಆ ನಗುವನ್ನು.

ನಾಲ್ಕನೇ ಗಂಟು ಮಾತ್ರ ಬಿಚ್ಚಲಿಲ್ಲ. ಭಾನುವಾರ ಇತ್ತು, ಸೋಮವಾರವೂ ಇತ್ತು. ಸೋಮವಾರ ಅವರು ಹಸಿರು ಸೀರೆ ಒಗೆಯಲು ಹಾಕಿ ಕೆಂಪು ಸೀರೆ ಉಟ್ಟಿದ್ದರು. ನೋಡಿದರೆ ಅದರ ಸೆರಗಿನಲ್ಲೂ ಒಂದು ಗಂಟು. ಹಳೆಯದರಲ್ಲಿ ಬಿಚ್ಚಿ ಹೊಸದರಲ್ಲಿ ಕಟ್ಟಿಕೊಂಡಿದ್ದರು.

ಮಂಗಳವಾರ ಮಧ್ಯಾಹ್ನ ನಾನೇ ಕೇಳಿದೆ, ಅದೇನ್ರೀ ಅತ್ತಿ ಎಂದು. ಅವರು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಎದ್ದು ಹೋದರು. ಹೊರಗೆ ಕಸ ಗುಡಿಸಿದ ಸಪ್ಪಳವಾಯಿತು. ಬೆಳಿಗ್ಗೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಹೊರಸಿನ ಅಂಚಿಗೆ ಕುಳಿತರು.

"ಬಾಣಂತಿ ಖೋಲ್ಯಾಗ ಅಂಥಾ ಮಾತ ಬಾಯಾಗ ತರಬಾರದು. ಅಸ್ತು ದೇವತಿ ಅಡ್ಡಾಡತಾವ, ಹೂಂ ಅಂದಬಿಡತಾವ. ನಾ ಅದನ್ನ ಕೇಳೂದಿಲ್ಲ." ಹೀಗೆಂದು ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು. "ನಿನಗ ಗೊತ್ತಾಗತೈತಿ ಅದೇನಂತ. ನಿನ್ನ ಮನಸಿನ್ಯಾಗ ಅದು ಇಲ್ಲಂದ್ರ ಬಿಚ್ಚಿಬಿಡು. ಇದ್ರ, ಹಂಗ ತಿರುಗಿ ಕೊಡು."

ನನಗೆ ಗೊತ್ತಾಯಿತು. ಕೂಸನ್ನು ಇವರ ಉಡಿಗೆ ಹಾಕಿ ಅವ್ವ ಇರುವಲ್ಲಿಗೆ ಹೋಗಿಬಿಡಬೇಕು ಎಂಬ ಮಾತು ಎಷ್ಟು ದಿನದಿಂದ ನನ್ನೊಳಗಿತ್ತೋ ಅದೇ ಇದು. ಹುಕ್ಕೇರಿಯಲ್ಲಿ ಕುಳಿತ, ನನ್ನ ಮುಖವನ್ನೂ ಕಾಣದ ಹೆಣ್ಣುಮಗಳು ಅದನ್ನು ಹೇಗೆ ಬಲ್ಲಳು ಎಂದು ಗಂಟನ್ನೇ ನೋಡಿದೆ. ಬಿಚ್ಚಿಬಿಟ್ಟರೆ ಮುಗಿಯಿತು, ಅತ್ತೆಗೂ ಸಮಾಧಾನ. ಉಗುರನ್ನು ಗಂಟಿನ ಮೇಲೆ ಇಟ್ಟೂ ಇಟ್ಟೆ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಬಿಚ್ಚಲಿಲ್ಲ. ಹಾಗೇ ತಿರುಗಿ ಕೊಟ್ಟೆ.

ಅವರು ನನ್ನ ತಲೆಯನ್ನು ಎಳೆದು ತಮ್ಮ ಎದೆಗೆ ಒತ್ತಿಕೊಂಡರು. ಅವರ ಸೀರೆಗೆ ಸಗಣಿ, ಹೊಗೆ, ಬೆಳ್ಳುಳ್ಳಿಯ ವಾಸನೆ. ಅವ್ವನದೂ ಅದೇ ವಾಸನೆ ಆಗಿತ್ತಲ್ಲ ಎಂದು ಆಗ ನೆನಪಾಯಿತು. ಆಮೇಲೆ ಬುಧವಾರದವರೆಗೆ ಅವರು ನನ್ನನ್ನು ಬಿಟ್ಟು ಒಂದು ಗಳಿಗೆ ಕದಲಲಿಲ್ಲ.

ಬುಧವಾರ ಮಧ್ಯಾಹ್ನ ಕಾಕು ಕರೆದಾಗ ಅತ್ತೆ ನನ್ನ ಕಿವಿಗೆ ಅರಳೆ ಇಟ್ಟು, ತಲೆ ತುಂಬ ಶಾಲು ಸುತ್ತಿದರು. ಸವ್ವಾ ತಿಂಗಳಿಗೆ ಇನ್ನೂ ಎಷ್ಟೋ ದಿನ ಉಳಿದಿತ್ತು. ನಾನು ಹೊಸ್ತಿಲಲ್ಲಿ ನಿಂತೆ. "ದಾಟು, ಶಿವ ನೋಡ್ಕೋತಾನ" ಎಂದರು. ನಮ್ಮನ್ನು ನೋಡಿ ಕಾಕು ಬೆರಗಾದರು, ಆದರೆ ಏನೂ ಕೇಳದೆ ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ಅತ್ತೆ ಅಂದು ಕೂಗಲಿಲ್ಲ. ಫೋನಿನಲ್ಲಿ ಮೆಲ್ಲಗೆ, "ಬಾಯಾರ, ಮೂರು ಕೇಳೇನ್ರಿ, ನಾಕನೇದ್ದು ನನ್ನ ಕೈಲೆ ಆಗಲಿಲ್ರಿ. ಆಕಿನ್ನ ಕರಕೊಂಡ ಬಂದೇನಿ" ಎಂದು ರಿಸೀವರ್ ನನ್ನ ಕೈಗಿತ್ತರು.

ನರ್ಸಬಾಯಿಯ ದನಿ ತೆಳ್ಳಗಿತ್ತು, ತುಸು ನೆಗಡಿಯಾದಂತಿತ್ತು. ಮೊದಲು ಕೇಳಿದ್ದು ಯಾರ ನೆನಪು ಬರುತ್ತದೆ ಎಂದು. ಅವ್ವನದು ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಹೇಳಿದ್ದು ಇಂದಿಗೂ ನೆನಪಿದೆ: "ಇದು ನಿಮ್ಮ ತಪ್ಪಲ್ರಿ, ಪಾಪಾನೂ ಅಲ್ಲ. ಹಡೆದವರಿಗೆ ಬರೋ ಒಂದು ಬ್ಯಾನಿ. ಇದಕ್ಕ ಔಷಧ ಐತಿ. ಇವತ್ತ ಗೋಕಾಕ ದವಾಖಾನಿಗೆ ಹೋಗ್ರಿ, ನಾಳಿಗೆ ಅನಬ್ಯಾಡ್ರಿ. ಒಬ್ಬಾಕಿನ ಇರಬ್ಯಾಡ್ರಿ."

ನಮ್ಮ ಮನೆಯವರು ಆಗ ಮೂಡಲಗಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಾಕು ಅಲ್ಲಿಗೇ ಫೋನ್ ಹಚ್ಚಿ ಕರೆಸಿದರು. ಹೊತ್ತು ಮುಳುಗುವ ಮುಂಚೆ ಗೋಕಾಕದ ಡಾಕ್ಟರ್ ಬಾಯಿಯ ಮುಂದೆ ಕುಳಿತಿದ್ದೆವು. ಮೊಲೆಯುಣಿಸುವ ತಾಯಿಗೆ ನಡೆಯುವಂಥ ಗುಳಿಗೆ ಕೊಟ್ಟರು. ಒಂದೇ ದಿನಕ್ಕೆ ಏನೂ ಆಗಲಿಲ್ಲ. ಅತ್ತೆ ನಿತ್ಯ ಗುಳಿಗೆ ನುಂಗಿಸಿ ಬಾಯಿ ತೆರೆಸಿ ನೋಡುತ್ತಿದ್ದರು. ಸೆರಗಿನ ಗಂಟು ಮಾತ್ರ ಸೀರೆಯಿಂದ ಸೀರೆಗೆ ಹೋಗುತ್ತಲೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ತೊಟ್ಟಿಲಲ್ಲಿದ್ದ ಕೂಸು ನನ್ನ ಬಳೆಯ ಸಪ್ಪಳಕ್ಕೆ ತಿರುಗಿ ನೋಡಿ ನಕ್ಕಿತು. ಎತ್ತಿಕೊಂಡೆ. ಎದೆಯಲ್ಲಿ ಏನೋ ಜಗ್ಗಿದಂತಾಯಿತು. ಇದು ನನ್ನದು ಅನ್ನಿಸಿತು. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಹೋಗಿ ಅವರ ಪಕ್ಕದಲ್ಲಿ ಕುಳಿತು ಸೆರಗಿನ ತುದಿ ಹಿಡಿದೆ. ಬಿಗಿಯಾಗಿತ್ತು, ಹಲ್ಲು ಹಚ್ಚಿ ಬಿಚ್ಚಬೇಕಾಯಿತು. ಅವರು ಮೊರ ಕೆಳಗಿಟ್ಟು, ಸುಕ್ಕಾದ ಆ ತುದಿಯನ್ನು ತೊಡೆಯ ಮೇಲೆ ತೀಡಿ ತೀಡಿ ನೋಡಿದರು. ಆಮೇಲೆ ಅದರಿಂದಲೇ ಮೂಗು ಒರೆಸಿಕೊಂಡು, "ಹೋಗು, ಚಹಾ ಇಡು" ಎಂದರು.

ಕೂಸಿಗೆ ಆರು ತಿಂಗಳಾದಾಗ ಬುಧವಾರದ ಫೋನ್ ನಿಂತಿತು. ಅಷ್ಟೇ ದಿನದ ಲೆಕ್ಕವಂತೆ. ಆ ನರ್ಸಬಾಯಿಯ ಹೆಸರನ್ನು ಕೇಳಬೇಕೆಂಬುದೂ ನಮಗೆ ಹೊಳೆದಿರಲಿಲ್ಲ. ಹುಕ್ಕೇರಿ ಕಡೆ ಲಗ್ನಕ್ಕೋ ನಾಮಕರಣಕ್ಕೋ ಹೋದಾಗ, ಗುಂಪಿನಲ್ಲಿ ನೆಗಡಿಯಾದಂಥ ತೆಳ್ಳಗಿನ ದನಿ ಕೇಳಿದರೆ ಈಗಲೂ ತಿರುಗಿ ನೋಡುತ್ತೇನೆ.

ಮಗಳು ಈಗ ಸಾಲಿಗೆ ಹೋಗುತ್ತಾಳೆ. ಹೋದ ವರ್ಷ ಅತ್ತೆ ಲಿಂಗೈಕ್ಯರಾದರು. ನಾದಿನಿಯರು ಸೀರೆ ಹಂಚಿಕೊಳ್ಳುವಾಗ ನಾನು ಒಂದನ್ನೇ ಕೇಳಿದೆ, ಆ ಹಸಿರು ಸೀರೆಯನ್ನು. ಅದು ಹರಿದಿದೆ, ಒಳ್ಳೇದು ತಗೋ ಎಂದರು. ಇದೇ ಸಾಕು ಎಂದೆ. ಬುಧವಾರ ಅದನ್ನು ಉಡುತ್ತೇನೆ. ಮಧ್ಯಾಹ್ನ ಬಾಜೂ ಮನೆಯಲ್ಲಿ ಫೋನ್ ಬಾರಿಸಿದರೆ ಕೈಯಲ್ಲಿನ ಕೆಲಸ ಬಿಟ್ಟು ಹಿತ್ತಲ ಗೋಡೆಯ ಕಡೆ ನೋಡುತ್ತೇನೆ. ಕಾಕು ಒಂದು ಸಲ, ಒಂದೇ ಸಲ, "ಅಕ್ಕಾರ" ಎಂದು ಕರೆಯಲಿ, ಒಳಗಿನಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬರಲಿ ಎಂದು.