ಬ್ರೂಜ್‌ನಲ್ಲಿ ತಪ್ಪಿದ ಏಕಾದಶಿ

ತಿಥಿ ಹೇಳುವ ಮುನ್ನ ವಾದಿರಾಜ ರಾಯರು ಕನ್ನಡಕ ತೆಗೆದು ಕಣ್ಣು ಮುಚ್ಚುತ್ತಿದ್ದರು. ಮರಾಠಿ ನಾಡಿನ ವರ್ತಕ ನಗರದ ನಮ್ಮ ಕನ್ನಡದ ಮನೆಗಳಲ್ಲಿ ಅಚ್ಚಾದ ಪಂಚಾಂಗ ಗೋಡೆಗೆ ತೂಗುತ್ತಿದ್ದರೂ ಶ್ರಾದ್ಧಕ್ಕೆ, ವ್ರತಕ್ಕೆ ಅವರ ಬಾಯಿಂದಲೇ ನಿರ್ಣಯವಾಗಬೇಕಿತ್ತು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆಯನ್ನು ಪರೀಕ್ಷಿಸುತ್ತಲೇ ನಿವೃತ್ತರಾದವರು. "ಸುಮಾರಿಗೆ ಎನ್ನುವುದು ಕಾರ್ಖಾನೆಯಲ್ಲೂ ಇಲ್ಲ, ಶಾಸ್ತ್ರದಲ್ಲೂ ಇಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಒಮ್ಮೆ ಹೋಟೆಲಿನ ಯಜಮಾನರೊಬ್ಬರು ಅನುಕೂಲಕ್ಕೆಂದು ತಂದೆಯ ಶ್ರಾದ್ಧವನ್ನು ಭಾನುವಾರಕ್ಕೆ ಸರಿಸಲು ಕೇಳಿದಾಗ, "ನಿಮ್ಮ ತಂದೆ ಭಾನುವಾರ ನೋಡಿ ಹೋದರಾ?" ಎಂದು ಫೋನಿಟ್ಟುಬಿಟ್ಟಿದ್ದರು.

ಅವರ ಪತ್ನಿ ಯಶೋದಮ್ಮನಿಗೆ ಸಕ್ಕರೆ ಕಾಯಿಲೆ. ಉಪವಾಸ ಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಆಕೆ ಏಕಾದಶಿಯಂದು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ರಾಯರು ಬೇಡಿಕೊಂಡರೂ ಬಗ್ಗುತ್ತಿರಲಿಲ್ಲ.

ಮದುವೆಯ ಐವತ್ತನೆಯ ವರ್ಷಕ್ಕೆ ಮಗ ಆ ದಂಪತಿಯನ್ನು ನಮ್ಮ ಕನ್ನಡಿಗರ ತಂಡವೊಂದರ ಜೊತೆ ಯುರೋಪ್ ಪ್ರವಾಸಕ್ಕೆ ಕಳುಹಿಸಿದ. ಜೊತೆಗಿರಲೆಂದು ನೆರೆಮನೆಯವನಾದ ನಾನೂ ಹೊರಟೆ. ಬ್ರೂಜ್ ಎಂಬ ಊರಿನಲ್ಲಿ ರಾಯರು ಹೆಜ್ಜೆ ಹೆಜ್ಜೆಗೂ ನಿಂತು ನೋಡಿದರು. ಶತಮಾನಗಳ ಹಿಂದಿನ ಇಟ್ಟಿಗೆಯ ಮನೆಗಳು, ಕಲ್ಲು ಹಾಸಿದ ಓಣಿಗಳು, ಕಾಲುವೆಯ ಮೇಲೆ ಬಾಗಿದ ಸೇತುವೆಗಳು ಎಲ್ಲವೂ ಕಟ್ಟಿದವರು ಈಗಷ್ಟೇ ಎದ್ದು ಹೋದಂತೆ ಇದ್ದವು. "ಒಂದು ಕಲ್ಲನ್ನೂ ಬಿಟ್ಟುಕೊಡಲಿಲ್ಲ ನೋಡಿ ಭಟ್ರೇ" ಎಂದು ನನಗೆ ಹೇಳುತ್ತಾ ಗೋಡೆಯನ್ನು ಸವರಿದರು.

ಅಂದು ಏಕಾದಶಿ. ಆ ಊರಿನ ಸೂರ್ಯೋದಯಕ್ಕೆ ಹೊಂದಿಸಿ ರಾಯರೇ ನಿರ್ಣಯಿಸಿದ್ದರು. ಮಧ್ಯಾಹ್ನ ಗಂಟೆಗೋಪುರದ ಎದುರಿನ ಚೌಕದಲ್ಲಿ ಯಶೋದಮ್ಮ ಬೆವತು, ನಡುಗುತ್ತಾ ಕಲ್ಲಿನ ಮೆಟ್ಟಿಲಿನ ಮೇಲೆ ಕುಸಿದರು. ಪಕ್ಕದ ಅಂಗಡಿಯಾಕೆ ಕಿತ್ತಳೆ ರಸ ತಂದು ಬಾಯಿಗೆ ಹಿಡಿದಳು. ಯಶೋದಮ್ಮ ತುಟಿ ಬಿಗಿದರು. ಗಂಡನ ಮುಖ ನೋಡಿ, "ದ್ವಾದಶಿ ಬಂತಾ?" ಎಂದರು.

ರಾಯರು ಕನ್ನಡಕ ತೆಗೆಯಲಿಲ್ಲ, ಕಣ್ಣು ಮುಚ್ಚಲಿಲ್ಲ. "ನನ್ನ ಲೆಕ್ಕ ತಪ್ಪಿತ್ತು ಯಶೋದಾ. ಇಲ್ಲಿಗೆ ಏಕಾದಶಿ ನಿನ್ನೆಯೇ ಮುಗಿದಿದೆ. ಇವತ್ತು ದ್ವಾದಶಿ. ಕುಡಿ" ಎಂದರು. ಆಕೆ ಕುಡಿದರು, ಬದುಕಿದರು.

ಸಂಜೆ ಕಾಲುವೆಯ ದಂಡೆಯಲ್ಲಿ ನನ್ನೊಬ್ಬನಿಗೇ ಹೇಳಿದರು: "ಲೆಕ್ಕ ಸರಿಯಾಗಿಯೇ ಇತ್ತು. ಅವಳಿಗೆ ತಿಳಿಯಬಾರದು. ತಿಳಿದರೆ ಪ್ರಾಯಶ್ಚಿತ್ತ ಅಂತ ಮತ್ತೆ ಉಪವಾಸ ಕೂರುತ್ತಾಳೆ."

ಊರಿಗೆ ಮರಳಿದೊಡನೆ ಸಹಪ್ರವಾಸಿಗಳು ಸುದ್ದಿ ಹಬ್ಬಿಸಿದರು. "ರಾಯರ ಪಂಚಾಂಗಕ್ಕೆ ಜೆಟ್ ಲ್ಯಾಗ್ ಅಂತೆ!" ಎಂದು ಭಜನೆಯ ದಿನ ಯಾರೋ ನಕ್ಕರು. "ಅರೇ ರಾಯರೇ, ನಮ್ಮ ಅಪ್ಪನ ತಿಥಿ ಬರೋಬರ್ ಹೇಳಿದ್ರೋ, ಅದೂ ಹಿಂದೆ ಮುಂದೆಯೋ?" ಎಂದು ಆ ಹೋಟೆಲಿನ ಯಜಮಾನರು ಸೇಡು ತೀರಿಸಿಕೊಂಡರು. ಪಕ್ಕದಲ್ಲೇ ಪತ್ನಿ ಕುಳಿತಿದ್ದರು. ರಾಯರು "ವಯಸ್ಸಾಯಿತಲ್ಲ" ಎಂದಷ್ಟೇ ಹೇಳಿ ತಾಳ ಎತ್ತಿಕೊಂಡರು. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಅವರ ಒಂದು ನೋಟ ತಡೆಯಿತು. ಕ್ರಮೇಣ ಫೋನುಗಳು ನಿಂತವು. ಅಪರೂಪಕ್ಕೆ ಯಾರಾದರೂ ಕೇಳಿದರೆ, "ಕ್ಯಾಲೆಂಡರ್ ನೋಡಿ" ಎನ್ನುತ್ತಿದ್ದರು. ಅಸತ್ಯ ನುಡಿದ ಬಾಯಿಂದ ತಿಥಿ ಹೇಳಬಾರದೆಂಬುದು ಅವರು ತಮಗೇ ವಿಧಿಸಿಕೊಂಡ ದಂಡನೆಯೆಂದು ನಾನು ಬಲ್ಲೆ.

ಕಳೆದ ಚಳಿಗಾಲದಲ್ಲಿ ರಾಯರು ಹರಿಪಾದ ಸೇರಿದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಯಶೋದಮ್ಮನ ಬಳಿ ಕುಳಿತೆ. ಇನ್ನಾದರೂ ಅವರ ಹೆಸರಿಗಂಟಿದ ಕಳಂಕವನ್ನು ತೊಳೆಯಬೇಕೆನ್ನಿಸಿ, "ಅಂದು ರಾಯರ ಲೆಕ್ಕ..." ಎಂದು ಆರಂಭಿಸಿದೆ.

"ಅವರ ಲೆಕ್ಕ ತಪ್ಪುವುದುಂಟಾ ಭಟ್ರೇ?" ಎಂದು ಆಕೆ ತಡೆದರು. "ನನಗೆ ಆಗಲೇ ಗೊತ್ತಿತ್ತು. ಗಂಟಲು ಒಣಗಿ ಜೀವ ಹೋಗುವ ಹಾಗಾಗಿತ್ತು. ಹೌದು ಅನ್ನಲಿ ಅಂತಲೇ ಕೇಳಿದೆ."

"ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನನ್ನನ್ನು ಉಳಿಸಿದೆ ಅಂತ ಅವರಿಗೊಂದು ಸಮಾಧಾನ ಇತ್ತಲ್ಲ. ಸುಳ್ಳು ಹೇಳಲಿ ಅಂತಲೇ ನಾನು ಕೇಳಿದ್ದು ಅಂತ ಗೊತ್ತಾದರೆ ಅದೂ ಹೋಗುತ್ತಿತ್ತು."

ಒಳಗಿನಿಂದ ಮಗ ಮುಂದಿನ ಮಾಸಿಕ ಶ್ರಾದ್ಧಕ್ಕೆ ಯಾವ ದಿನವೆಂದು ಕೂಗಿ ಕೇಳಿದ. ಅಲ್ಲಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.